ಕಂಪ್ಯೂಟರ್ ಸೆಂಟರಿಗೆ ಹೋದ ಮುಯ್ಯಾಳು

ಡಿಗ್ರಿ ಮುಗಿಸಿ ಕಲ್ಯಾಣದುರ್ಗದಲ್ಲಿ ಎಲ್ಲಿ ಕೆಲಸ ಕೇಳಿದರೂ ಮೊದಲು ಎಕ್ಸ್‌ಪೀರಿಯೆನ್ಸ್ ಇದೆಯಾ ಅನ್ನುತ್ತಿದ್ದರು. ಕೆಲಸವೇ ಕೊಡದಿದ್ದರೆ ಅದು ಎಲ್ಲಿಂದ ಬರಬೇಕು, ಸಂತೆಯಲ್ಲಿ ಸಿಗುತ್ತದೆಯೇ? ಕೊನೆಗೆ ಹಿಂದೂಪುರದಲ್ಲಿದ್ದ ಚಿಕ್ಕಮ್ಮ ತನ್ನ ಬೀದಿಯ ಕಂಪ್ಯೂಟರ್ ಸೆಂಟರಿನ ಮೇಡಂ ಹತ್ತಿರ ಮಾತಾಡಿ ನನ್ನನ್ನು ಸೇರಿಸಿದಳು. ಸಂಬಳವಿಲ್ಲ. ವರ್ಷ ತುಂಬಿದ ಮೇಲೆ ಅನುಭವದ ಸರ್ಟಿಫಿಕೆಟ್ ಕೊಡುತ್ತೇವೆ ಅಂದರು. ಆ ಹಾಳೆಯೊಂದು ಕೈಗೆ ಬಂದರೆ ಯಾವುದಾದರೂ ಫ್ಯಾಕ್ಟರಿಯ ಆಫೀಸಿನಲ್ಲಿ ಕುರ್ಚಿ ಗ್ಯಾರಂಟಿ ಎಂದು ನಂಬಿದ್ದೆ.

ಬೆಳಿಗ್ಗೆ ಷಟರ್ ಎತ್ತಿ ಕಸ ಗುಡಿಸುತ್ತಿದ್ದೆ. ಆಮೇಲೆ ಜೆರಾಕ್ಸ್ ಹೊಡೆಯುವುದು, ಬಂದವರ ಕೆಲಸದ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬುವುದು. ಊರವರಿಗೆಲ್ಲ ಕೆಲಸಕ್ಕೆ ದಾರಿ ಮಾಡಿಕೊಡುವವಳು ನಾನೇ, ಕೆಲಸವಿಲ್ಲದವಳೂ ನಾನೇ. ಆದರೂ ಆ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಪಕ್ಕದ ಮಂಡಿಯಿಂದ ಹುಣಸೆಹಣ್ಣಿನ ವಾಸನೆ ಬರುತ್ತಿತ್ತು. ಮೇಡಂ ತಮ್ಮ ಟೀಯಲ್ಲಿ ಅರ್ಧ ನನಗೆ ಬಗ್ಗಿಸುತ್ತಿದ್ದರು.

ನಮ್ಮದು ಕಂಬದೂರಿನ ಕಡೆಯ ಹಳ್ಳಿ. ಅಲ್ಲಿ ಕಡಲೆಕಾಯಿ ಕೀಳುವಾಗ ಕೂಲಿಗಿಂತ ಮುಯ್ಯಾಳೇ ಹೆಚ್ಚು. ಇವತ್ತು ನಿಮ್ಮ ಹೊಲಕ್ಕೆ ನಾವು ಬಂದರೆ, ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು. ಸಂಬಳವಿಲ್ಲ ಎಂದು ಹೇಳಿದಾಗ ಅಮ್ಮ ತಕರಾರೇ ಮಾಡಿರಲಿಲ್ಲ. ಯಾಕೆ ಎಂದು ಗೊತ್ತಾದದ್ದು ಕೀಳುವ ಕಾಲ ಬಂದಾಗ.

ಒಂದು ಮಧ್ಯಾಹ್ನ ಅಮ್ಮ ಬಸ್ಸಿಳಿದು ನೇರವಾಗಿ ಸೆಂಟರಿಗೇ ಬಂದಳು. ಮೇಡಂ ಕೂರಿಸಿ ನೀರು ಕೊಟ್ಟರು. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿಯೇಬಿಟ್ಟಳು.

“ನಮ್ಮುಡ್ಗಿ ನಿಮ್ಮತ್ರ ಇಷ್ಟು ದಿನ ದುಡ್ದವ್ಳೆ ಕಣಮ್ಮ. ಸೋಮ್ವಾರ ನಮ್ದು ಕಳ್ಳೆಕಾಯಿ ಕೀಳಾದೈತೆ. ನಿಮ್ಮನೆಯಿಂದ ಎಷ್ಟು ಜನ ಬತ್ತೀರ?”

ನಾಚಿಕೆಯಿಂದ ಸತ್ತೇ ಹೋದೆ. ಮೇಡಂ ನಕ್ಕರು. ಅಮ್ಮ ನಗದಿದ್ದುದನ್ನು ಕಂಡು, ತೆಲುಗು ಕನ್ನಡ ಬೆರೆಸಿ ತಿಳಿಸಿ ಹೇಳಿದರು: ಇದು ದುಡಿಮೆಯಲ್ಲ, ಹುಡುಗಿಗೆ ಕೆಲಸ ಕಲಿಸುತ್ತಿದ್ದೇವೆ ಅಂತ.

“ಅದಕ್ಕೇನಂತೆ, ನಾವೂ ಕಲಿಸ್ಕೊಡ್ತೀವಿ, ಬರ್ರಮ್ಮ,” ಅಂದಳು ಅಮ್ಮ. ಕುಹಕ ಅವಳ ಜಾಯಮಾನದಲ್ಲೇ ಇಲ್ಲ, ನಿಜವಾಗಿಯೇ ಕರೆದಿದ್ದಳು.

ಅಂಗಡಿ ಬಿಟ್ಟು ಬರಲಾಗುವುದಿಲ್ಲ ಅಂದರು ಮೇಡಂ. ಹಾಗಾದರೆ ನಮ್ಮ ಹುಡುಗಿಯೂ ಬರುವುದಿಲ್ಲ ಎಂದು ಅಮ್ಮ ನನ್ನ ಕೈ ಹಿಡಿದು ಎಬ್ಬಿಸಿದಳು. ವರ್ಷ ಇನ್ನೂ ತುಂಬಿರಲಿಲ್ಲ, ಸರ್ಟಿಫಿಕೆಟ್ ಕೈತಪ್ಪಿತು. ಬಸ್ಸು ಸೋಮಂದೇಪಲ್ಲಿ ದಾಟುವವರೆಗೂ ಕಿಟಕಿಯ ಕಡೆ ತಿರುಗಿ ಅಳುತ್ತಿದ್ದೆ.

ಸೋಮವಾರ ಹೊಲದ ತುಂಬ ಹೆಂಗಸರು. ಅಮ್ಮ ಯಾರ್ಯಾರ ಹೊಲದಲ್ಲಿ ಬೆನ್ನು ಬಗ್ಗಿಸಿದ್ದಳೋ ಅವರೆಲ್ಲ ಹೊತ್ತು ಮೂಡುವ ಮೊದಲೇ ಬಂದಿದ್ದರು. ನನ್ನ ಮೆತ್ತನೆಯ ಕೈ ನೋಡಿ ಕಂಪ್ಯೂಟರಮ್ಮ ಎಂದು ಕಿಚಾಯಿಸಿದರು, ಗಿಡ ಕೊಡವುವುದು ಹೇಗೆಂದು ತೋರಿಸಿದರು. ಸಂಜೆಗೆ ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವತ್ತು ಬೇಯಿಸಿದ ಹಸಿಕಾಯಿಯ ರುಚಿ ಮತ್ತೆ ಸಿಕ್ಕಿಲ್ಲ.

ಈಗ ಕಲ್ಯಾಣದುರ್ಗದ ಒಂದು ಆಫೀಸಿನಲ್ಲಿ ನನಗೂ ಕುರ್ಚಿ ಇದೆ, ತಡವಾಗಿ ಸಿಕ್ಕಿತು. ಹೊಲಕ್ಕೆ ಮಿಷನ್ ಬಂದಿದೆ, ಮುಯ್ಯಾಳು ಕರೆಯುವವರು ಕಡಿಮೆ. ಮೊನ್ನೆ ಅಣ್ಣನ ಮಗಳು ಇಂಟರ್ನ್‌ಶಿಪ್ ಸಿಕ್ಕಿತು ಎಂದು ಕುಣಿಯುತ್ತಾ ಬಂದಳು. ಸಂಬಳವಿಲ್ಲವಂತೆ, ಸರ್ಟಿಫಿಕೆಟ್ ಕೊಡುತ್ತಾರಂತೆ. ಜಗಲಿಯ ಮೇಲೆ ಕೂತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

“ಅವ್ರು ನಮ್ಮೊಲಕ್ಕೆ ಯಾವಾಗ ಬತ್ತಾರೆ?”

ಅಜ್ಜಿಯ ತಮಾಷೆ ಎಂದುಕೊಂಡು ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ. ಅಮ್ಮನ ಪಕ್ಕದಲ್ಲಿ ಕೂತು ನಾನೂ ಹುಡುಗಿಯ ಉತ್ತರಕ್ಕೆ ಕಾದೆ.