ನಟ್ಟು ವಾಸುವಿನ ನಟ್ಟು ಬಿಗಿಯಾಗಿಯೇ ಇತ್ತು

ಬೆಳಿಗ್ಗೆ ಫೋನ್ ಬಂತು...
"ಅಪ್ಪ ಹೋಗ್ಬಿಟ್ರು ಅಂಕಲ್."
ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ.
ಮತ್ತೆ ಬಂತು. ಮತ್ತೆ ಇಟ್ಟೆ.
ಮೂರನೇ ಸಲ ಅವಳು ಅತ್ತಳು... ಆಗ ದನಿ ಗುರುತು ಹತ್ತಿತು. ನಮ್ಮ ವಾಸುವಿನ ಮಗಳು.

ಭಾನುವಾರವಷ್ಟೇ ಕಾರ್ಬ್ಯುರೇಟರ್ ವಿಷಯಕ್ಕೆ ನನ್ನ ಜೊತೆ ಜಗಳವಾಡಿದ್ದ. ಆ ಜಗಳ ಇನ್ನೂ ಮುಗಿದಿಲ್ಲ...
ಹೇಗೆ ಹೋಗುತ್ತಾನೆ?

ಈ ಹಳೇ ಕಾರುಗಳ ಗ್ರೂಪಿನಲ್ಲಿ ನಿಮಗೆಲ್ಲ ಅವನು 'ನಟ್ಟು ವಾಸು'.
ತನ್ನ ಸ್ಪೋರ್ಟ್ಸ್ ಕಾರಿನ ಇಂಜಿನ್ ಜೋಡಿಸುವಾಗ ಒಂದು ನಟ್ಟು ಬಿಗಿಮಾಡಲು ಮರೆತು, ಮೊದಲ ದಿನವೇ ಇಂಜಿನ್ ಕೆಡಿಸಿಕೊಂಡವನು.
ಆ ಕಥೆ ಹೇಳಿ ನಗಿಸುತ್ತಿದ್ದವನೂ ಅವನೇ.
ಇವತ್ತು ಅವನನ್ನು ಮಲಗಿಸಿದ್ದ ಕಡೆಯೂ ಯಾರೋ ಪ್ರೀತಿಯಿಂದಲೇ ಅದನ್ನು ಹೇಳಿದರು...
ನನಗೆ ತಡೆಯಲಾಗಲಿಲ್ಲ.
ಆ ಕಥೆ ಸುಳ್ಳು.

ಅರವತ್ತರ ದಶಕ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ವಾಸು ಅಲ್ಲಿಯವನು, ಸರ್ಕಾರಿ ಆಫೀಸಿನ ಗುಮಾಸ್ತ.
ನಾನು ಜರಗನಹಳ್ಳಿಯವನು, ಅವನದೇ ವಯಸ್ಸು. ಸ್ಕೂಲಿನಲ್ಲಿದ್ದಾಗ ಒಮ್ಮೆ ಬೋರ್ಡಿನ ಮೇಲಿನ ಲೆಕ್ಕ ತಪ್ಪು ಎಂದು ಮೇಷ್ಟ್ರಿಗೆ ಎದ್ದು ಹೇಳಿದ್ದೆ. ಮಾತು ವಾಪಸ್ ತಗೋ ಎಂದರು. ತೆಗೆದುಕೊಳ್ಳಲಿಲ್ಲ. ಅಲ್ಲಿಗೆ ನನ್ನ ಸ್ಕೂಲು ಮುಗಿಯಿತು.
ಒಂದು ಕಡೆ ಕೂರದ ಜೀವ... ತೋಟಗಳ ಪಂಪ್‌ಸೆಟ್ ಬಿಚ್ಚಿಕೊಂಡು ತಿರುಗುತ್ತಿದ್ದೆ.

ಒಂದು ದಿನ ವಾಸು ಕಂಟೋನ್ಮೆಂಟಿನಿಂದ ಕಾರೊಂದನ್ನು ಎತ್ತಿನ ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದ. ಎರಡೇ ಸೀಟು, ಮೇಲೆ ಟಾಪಿಲ್ಲ. ಒಂದು ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು.

"ಇಂಜಿನ್ ಜಾಮ್ ಆಗಿದೆ ಕಣೋ ಮುನಿ. ಬಿಚ್ಚೋಣ್ವಾ?"
"ಬಿಚ್ಚೋದು ಸುಲಭ. ಜೋಡ್ಸಕ್ಕೆ ಬರುತ್ತಾ ನಿಂಗೆ?"
"ಇಲ್ಲ. ನಿಂಗೆ?"
"ನಂಗೂ ಇಲ್ಲ."
"ಹಾಗಾದ್ರೆ ಸರಿಹೋಯ್ತು, ಬಾ."

ಬಾವಿಯ ರಾಟೆಯನ್ನು ಮಾವಿನ ಮರಕ್ಕೆ ಕಟ್ಟಿ ಇಂಜಿನ್ ಎತ್ತಿದೆವು. ಒಂದು ವರ್ಷದ ಭಾನುವಾರಗಳು ಅದಕ್ಕೇ ಹೋದವು.

ಬಿಚ್ಚಿದ ಭಾಗಗಳು ಅದಲುಬದಲಾಗಬಾರದೆಂದು ವಾಸು ಅವನ್ನು ಬಾಳೆಲೆಯ ಮೇಲೆ ಜೋಡಿಸುತ್ತಿದ್ದ. ಉಪ್ಪು ಬಡಿಸುವ ಜಾಗದಲ್ಲಿ ಒಂದನೇ ಪಿಸ್ಟನ್, ಕೋಸಂಬರಿಯ ಜಾಗದಲ್ಲಿ ಎರಡನೆಯದು...
"ಊಟದೆಲೆ ಕ್ರಮ ಜನ್ಮದಲ್ಲಿ ಮರೆಯಲ್ಲ ಕಣೋ" ಎನ್ನುತ್ತಿದ್ದ.

ಆಯುಧಪೂಜೆಯ ದಿನ ಇಂಜಿನ್ ಜೋಡಿಸಿ, ಸಂಜೆಗೆ ಸ್ಟಾರ್ಟ್ ಮಾಡಬೇಕೆಂದು ಪಣ. ಹಿಂದಿನ ದಿನವೇ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಎಲೆಗಳ ಮೇಲೆ ಇಟ್ಟಿದ್ದೆವು.
ಬೆಳಿಗ್ಗೆ ವಾಸು ಸ್ನಾನಕ್ಕೆ ಹೋದಾಗ ಅವನ ಅಮ್ಮ ಹಿತ್ತಲಿಗೆ ಬಂದರು. ಪ್ರತಿಯೊಂದಕ್ಕೂ ಅರಿಶಿನ, ಕುಂಕುಮ. ಮೇಲೆ ಹಿಡಿ ತುಂಬ ಅಕ್ಷತೆ...

ಸ್ನಾನ ಮುಗಿಸಿ ಬಂದ ವಾಸು ಕೂಗಿದ, "ಅಮ್ಮಾ! ಇದು ಇಂಜಿನ್ನು, ಮದುಮಗಳಲ್ಲ!"
"ಇದೂ ಆಯುಧ ತಾನೇನೋ? ನಿನ್ನ ಕೈಕಾಲು ಮುರೀದೇ ಇರ್ಲಿ ಅಂತ ಹಾಕಿದೀನಿ, ಸುಮ್ನಿರು."

ವಾಸು ನಗುತ್ತಾ ನನಗೆ ಹೇಳಿದ, "ಮುನಿ, ಎಲ್ಲಾ ಇನ್ನೊಂದ್ಸಲ ತೊಳಿ. ಎಣ್ಣೆ ಹೋಗೋ ತೂತುಗಳಿಗೆ ಸೈಕಲ್ ಪಂಪಲ್ಲಿ ಗಾಳಿ ಹೊಡಿ."

ತೊಳೆದೆ. ಕಂಡ ಕಾಳುಗಳನ್ನೆಲ್ಲ ತೆಗೆದೆ.
ಗಾಳಿ ಹೊಡೆಯಲಿಲ್ಲ.
ಇಂಜಿನ್ ಸದ್ದು ಕೇಳುವ ಅವಸರ... ಅಷ್ಟೇ. ಬೇರೆ ಕಾರಣವಿಲ್ಲ.

ವಾಸು...
"ಗಾಳಿ ಹೊಡೆದ್ಯಾ?" ಅಂತ ನೀನು ಕೇಳಿದೆ.
ಮೇಷ್ಟ್ರ ಮುಂದೆ ನಿಜ ಹೇಳಿ ಸ್ಕೂಲು ಬಿಟ್ಟವನು, ನಿನ್ನ ಮುಂದೆ "ಹ್ಞೂಂ" ಎಂದೆ.

ಸಂಜೆ ಇಂಜಿನ್ ಕೂಗಿತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ನೀನು ನನ್ನನ್ನು ಎತ್ತಿಕೊಂಡು ಕುಣಿದೆ...
ಎರಡು ಕ್ರಾಸ್ ದಾಟುವಷ್ಟರಲ್ಲಿ ಒಳಗೆ ಟಣ್ ಟಣ್ ಎಂದು ಬಡಿದು ಎಲ್ಲ ನಿಂತುಹೋಯಿತು.

ತಳ್ಳಿಕೊಂಡು ಬಂದು, ಮರುದಿನ ಮತ್ತೆ ಬಿಚ್ಚಿದೆವು. ಒಂದು ಬೇರಿಂಗ್ ಎಣ್ಣೆಯಿಲ್ಲದೆ ಸುಟ್ಟಿತ್ತು. ಅದಕ್ಕೆ ಎಣ್ಣೆ ಹೋಗುವ ತೂತಿನಿಂದ ನೀನು ಪಿನ್ ಹಾಕಿ ಒಂದು ಅಕ್ಕಿಕಾಳು ತೆಗೆದೆ. ಇನ್ನೂ ಅರ್ಧ ಹಳದಿ...
ನನ್ನ ಮುಖ ನೋಡಿದೆ. ಕಾಳನ್ನು ನಿನ್ನ ಶರ್ಟಿನ ಜೇಬಿಗೆ ಹಾಕಿಕೊಂಡೆ.

ಅಮ್ಮ ಬಾಗಿಲಲ್ಲಿ ನಿಂತಿದ್ದರು. "ಏನಾಯ್ತೋ? ನನ್ನ ಅಕ್ಷತೆಯಿಂದ ಏನಾದ್ರೂ...?"
"ಅಮ್ಮಾವ್ರೇ, ಅದು..." ಎಂದೆ ನಾನು.
"ನಾನೇ ಒಂದು ನಟ್ಟು ಟೈಟ್ ಮಾಡೋದು ಮರ್ತೆ ಕಣಮ್ಮ" ಎಂದೆ ನೀನು.

ಆಮೇಲೆ ನಾನು ನಿನ್ನ ಜೊತೆ ಹಟ ಹಿಡಿದೆ, ಹೋಗಿ ನಿಜ ಹೇಳ್ತೀನಿ ಅಂತ.
"ಹೇಳಿ ನೀನು ಹಗುರ ಆಗ್ತೀಯ. ಅಮ್ಮ ಇನ್ನು ಒಂದು ಪೂಜೆನೂ ನೆಮ್ಮದಿಯಾಗಿ ಮಾಡಲ್ಲ. ಬಾಯ್ಮುಚ್ಕೊಂಡು ಸ್ಪ್ಯಾನರ್ ಕೊಡು."

ಮುಂದಿನ ವರ್ಷ ಕಾರು ಓಡಿತು. ನೀನು ಅಮ್ಮನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬನಶಂಕರಿ ಗುಡಿಗೆ ಹೋದೆ. ಅವರು ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ತಲೆಯ ಸೆರಗು ಹಿಡಿದು, "ನಿಧಾನ ಕಣೋ, ನಟ್ಟು ನೋಡಿದ್ಯಾ?" ಎನ್ನುತ್ತಿದ್ದರಂತೆ ದಾರಿಯುದ್ದಕ್ಕೂ...
ಬೀದಿಯ ಬಾಯಲ್ಲಿ ನಿನಗೆ 'ನಟ್ಟು ವಾಸು' ಎಂಬ ಹೆಸರು ಅಂಟಿದ್ದು ಅಲ್ಲಿಂದಲೇ.

ಅಮ್ಮ ತೀರಿಹೋದ ಮೇಲೆ ನಾನು ಕೇಳಿದೆ, ಈಗಲಾದರೂ ನಿಜ ಹೇಳಲಾ?
"ಆ ಹೆಸರು ಅಭ್ಯಾಸ ಆಗ್ಬಿಟ್ಟಿದೆ ಮಾರಾಯ. ನಾನಿರೋವರ್ಗೂ ಬಿಡು" ಎಂದೆ ನೀನು.
ಅಮ್ಮನಿಗೋಸ್ಕರ ಒಂದೇ ಅಲ್ಲ, ನನಗೋಸ್ಕರವೂ ಹೊತ್ತೆ ನೀನು ಆ ಹೆಸರನ್ನು. ಗಾಳಿ ಹೊಡೆಯಲಿಲ್ಲವೇಕೆ ಎಂದು ಒಂದು ದಿನವೂ ಕೇಳಲಿಲ್ಲ...

ಮಧ್ಯಾಹ್ನ ಎಲ್ಲರೂ ಸಾಲಾಗಿ ನಿನ್ನ ಬಾಯಿಗೆ ಅಕ್ಕಿಕಾಳು ಹಾಕಿದರು. ನನ್ನ ಸರದಿ ಬಂದಾಗ ಕೈ ಏಳಲಿಲ್ಲ.
"ಹಾಕಿ ಅಂಕಲ್" ಎಂದಳು ಮಗಳು. ಹಾಕಿದೆ.

ಗೆಳೆಯರೇ, ಕೇಳಿಸಿಕೊಳ್ಳಿ. ಅವನು ಕೈಯಿಟ್ಟ ಒಂದು ನಟ್ಟೂ ಎಂದೂ ಸಡಿಲವಿರಲಿಲ್ಲ. ತಪ್ಪು ಮಾಡಿದವನು ನಾನು, ಜರಗನಹಳ್ಳಿ ಮುನಿರಾಜು. ಇನ್ನು ಮೇಲೆ ನಗುವುದಿದ್ದರೆ ನನ್ನ ಹೆಸರು ಹಿಡಿದು ನಗಿ.

ಹೋಗಿ ಬಾ ವಾಸು...
ನಿನ್ನ ಜೀವಕ್ಕೆ ತಂಪಾದ ನೆಮ್ಮದಿ ಸಿಗಲಿ. ದಾರಿಯಲ್ಲಿ ಒಂದು ಕಾಳೂ ಅಡ್ಡ ಬರದಿರಲಿ.