ದೊಡ್ಡಮ್ಮನ ಹಳೆಯ ನಡಿಗೆ

ಆ ಸ್ಟುಡಿಯೋದಲ್ಲಿ ಹದಿನಾಲ್ಕು ಜನ ಕುಳಿತು ಚಿತ್ರ ಬರೆಯುತ್ತಿದ್ದರು, ಒಬ್ಬಳು ನಿಂತು ನೆಲ ಒರೆಸುತ್ತಿದ್ದಳು. ಒರೆಸುವವಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಒಂಬತ್ತು ವರ್ಷ ಹಾಗೆ ಕರೆದರೂ ಅವಳು ನಡೆಯುವುದನ್ನು ಯಾರೂ ಕಣ್ಣಿಟ್ಟು ನೋಡಿರಲಿಲ್ಲ. ಅವಳ ಎಡ ಮೊಣಕಾಲು ಸವೆದಿತ್ತು. ಬಲಗಾಲು ಮುಂದಿಡುವಳು, ಒಂದು ಗಳಿಗೆ ನಿಲ್ಲುವಳು, ಆಮೇಲೆ ಎಡಗಾಲನ್ನು ತುಂಬಿದ ಬಿಂದಿಗೆಯ ಹಾಗೆ ಜೋಪಾನವಾಗಿ ಎತ್ತಿ ತಂದು ಇಡುವಳು.

ಅವರು ಮಾಡುತ್ತಿದ್ದ ಕಾರ್ಟೂನ್ ಸಿನಿಮಾದಲ್ಲಿ ಒಬ್ಬಳು ಅಜ್ಜಿ ಇದ್ದಳು. ಅವಳನ್ನು ನಡೆಸುವ ಕೆಲಸ ಆ ಹದಿನಾಲ್ಕು ಜನರಲ್ಲಿ ಒಬ್ಬಳಾದ ಕನ್ನಡಕದ ಹುಡುಗಿಯದು. ಅಜ್ಜಿ ಒಂದು ಸೆಕೆಂಡ್ ನಡೆಯಬೇಕಾದರೆ ಹನ್ನೆರಡು ಚಿತ್ರ ಬರೆಯಬೇಕು. ಇಪ್ಪತ್ತು ದಿನ ಬರೆದರೂ ಅಜ್ಜಿ ಸೊಂಟ ಹಿಡಿದ ಪೊಲೀಸಿನವನಂತೆಯೇ ನಡೆಯುತ್ತಿದ್ದಳು. ಹುಡುಗಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ ದೊಡ್ಡಮ್ಮ ಟೀ ತಂದಳು.

"ಸಿಕ್ತು!" ಎಂದು ಹುಡುಗಿ ಕಿರುಚಿದಳು.

ದೊಡ್ಡಮ್ಮ ತಟ್ಟೆ ಇಟ್ಟು ಪೊರಕೆಗೆ ಕೈ ಹಾಕಿದಳು. "ಎಲ್ಲಿ? ಇಲಿ ಎಲ್ಲಿ?"

"ಇಲಿ ಅಲ್ಲ ದೊಡ್ಡಮ್ಮ, ನೀವು! ನಿಮ್ಮ ನಡಿಗೆ!"

ಅಂದಿನಿಂದ ದೊಡ್ಡಮ್ಮ ಆಗಷ್ಟೇ ಒರೆಸಿದ ನೆಲದ ಮೇಲೆ ಆ ತುದಿಯಿಂದ ಈ ತುದಿಗೆ ದಿನಕ್ಕೆ ಎಂಟು ಸಲ ನಡೆಯಬೇಕಾಯಿತು. ಹುಡುಗಿ ಬೋರಲು ಮಲಗಿ ಮೊಬೈಲಿನಲ್ಲಿ ಅವಳ ನಡಿಗೆಯನ್ನು ಸೆರೆಹಿಡಿಯುವಳು. ತೆಗೆದದ್ದನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ ನಿಲ್ಲಿಸಿ ಚಿತ್ರ ಬರೆಯುವಳು. ಎಂಟು ಸಲವಾದ ಮೇಲೆ ದೊಡ್ಡಮ್ಮ ನೆಲವನ್ನು ಇನ್ನೊಮ್ಮೆ ಒರೆಸುವಳು.

ಸ್ಟುಡಿಯೋದವರು ತಿಂಗಳಿಗೊಮ್ಮೆ 'ಸುದ್ದಿ ಮತ್ತು ಸ್ಫೂರ್ತಿ' ಎಂಬ ಹಾಳೆ ಅಚ್ಚು ಹಾಕಿಸಿ ಬಾಗಿಲ ಬಳಿ ಅಂಟಿಸುತ್ತಿದ್ದರು. ಆ ತಿಂಗಳ ಸ್ಫೂರ್ತಿ ದೊಡ್ಡಮ್ಮ. ಫೋಟೋದಲ್ಲಿ ಮೊಣಕಾಲಿಂದ ಕೆಳಗೆ ಮಾತ್ರ ಇದ್ದಳು.

"ಮುಖ ಎಲ್ಲಿ ಹೋಯ್ತು?" ಎಂದು ಕೇಳಿದಳು.

"ಸ್ಫೂರ್ತಿ ಇರೋದು ಕಾಲಲ್ಲಿ ತಾನೇ," ಎಂದ ಸ್ಟುಡಿಯೋದ ಯಜಮಾನ.

ಅಷ್ಟರಲ್ಲಿ ಆಸ್ಪತ್ರೆಯಿಂದ ಕಾಗದ ಬಂತು. ಇಪ್ಪತ್ತು ತಿಂಗಳು ಕಾದ ಮೇಲೆ ಮೊಣಕಾಲಿನ ಆಪರೇಷನ್‌ಗೆ ಅವಳ ಸರದಿ ಬಂದಿತ್ತು, ಬರುವ ಮಂಗಳವಾರ. ತಪ್ಪಿಸಿಕೊಂಡರೆ ಮತ್ತೆ ಸಾಲಿನ ಕೊನೆಗೆ. ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳ ಮನೆ ಮೂರನೇ ಮಹಡಿಯಲ್ಲಿತ್ತು, ಐವತ್ತನಾಲ್ಕು ಮೆಟ್ಟಿಲು. ಮೊಮ್ಮಗಳು ಹುಟ್ಟಿ ಏಳು ತಿಂಗಳಾಗಿತ್ತು. ಮಗಳು ಕೆಳಗಿಳಿಸಿ ತಂದಾಗಲೆಲ್ಲ ಸೇರಿ ದೊಡ್ಡಮ್ಮ ಮಗುವನ್ನು ನೋಡಿದ್ದು ನಾಲ್ಕೇ ಸಲ.

ಯಜಮಾನ ಅವಳಿಗೆ ಕುರ್ಚಿ ಹಾಕಿಸಿದ. ಒಂಬತ್ತು ವರ್ಷದಲ್ಲಿ ಅದೇ ಮೊದಲು.

"ಒಂದು ನಾಲ್ಕು ತಿಂಗಳು ತಡೀರಿ ದೊಡ್ಡಮ್ಮ. ನಿಮ್ಮ ನೋವು ಅಂದ್ರೆ ಸಾಮಾನ್ಯ ಅಲ್ಲ, ಅದರಲ್ಲಿ ಕಲೆ ಇದೆ. ಕೊನೇ ದೃಶ್ಯಕ್ಕೆ ಬೇಕೇ ಬೇಕು."

"ಹಾಗಾದ್ರೆ ಇವತ್ತೇ ತೆಗೀರಿ. ಆ ದೃಶ್ಯದಲ್ಲಿ ಅಜ್ಜಿ ಏನು ಮಾಡ್ಬೇಕು?"

"ಅದು ಇನ್ನೂ ತೀರ್ಮಾನ ಆಗಿಲ್ಲ. ಮೀಟಿಂಗ್ ನಡೀತಿದೆ."

ಮಗಳಿಗೆ ಹೇಳಿದಾಗ ಅವಳು ಹಲ್ಲಲ್ಲಿ ಕಚ್ಚಿದ್ದ ದಾರ ಉಗಿದಳು. "ಅವ್ರ ಅಜ್ಜಿ ಕುಂಟೋಕೆ ನೀನ್ಯಾಕಮ್ಮ ಕಾಲು ಸವೆಸ್ಬೇಕು? ಅಷ್ಟು ಬೇಕಾದ್ರೆ ಆ ಸ್ಟುಡಿಯೋ ಯಜಮಾನ್ರೇ ಒಂದು ಸಲ ಬಿದ್ದು ನೋಡ್ಲಿ!"

ಮರುದಿನ ದೊಡ್ಡಮ್ಮ ಯಜಮಾನನ ಮುಂದೆ ಕುರ್ಚಿ ಬೇಡವೆಂದು ನಿಂತಳು. "ನಾನು ಹೋಗಿ ಬರ್ತೀನಪ್ಪ. ಆ ನಡಿಗೆ ನನಗೆ ಬಾಯಿಪಾಠ. ಕಾಲು ಸರಿಯಾದ್ಮೇಲೂ ಬಂದು ಕುಂಟಿ ತೋರಿಸ್ತೀನಿ."

ಆಪರೇಷನ್ ಆಗಿ ಮೂರು ತಿಂಗಳ ಮೇಲೆ ಬಂದಳು. ಮೀಟಿಂಗ್ ಹಿಂದಿನ ದಿನವಷ್ಟೇ ಮುಗಿದಿತ್ತು. ಕೊನೆಯ ದೃಶ್ಯದಲ್ಲಿ ಅಜ್ಜಿ ಮೆಟ್ಟಿಲು ಹತ್ತಬೇಕು. ಹುಡುಗಿ ಮೊಬೈಲು ಹಿಡಿದಳು, ದೊಡ್ಡಮ್ಮ ಕುಂಟಿದಳು.

"ಊಹೂಂ. ಇದು ನಾಟಕದ ಕುಂಟು."

ಹನ್ನೊಂದು ಸಲ ಕುಂಟಿದಳು. ಹನ್ನೊಂದು ಸಲವೂ ಹುಡುಗಿ ಅಡ್ಡಡ್ಡ ತಲೆ ಆಡಿಸಿದಳು. ಅರವತ್ತೆಂಟು ವರ್ಷದ ಹೆಂಗಸಿಗೆ ತನ್ನ ನಡಿಗೆಯೇ ಕೈಕೊಟ್ಟಿತ್ತು.

"ನಿಮ್ಮ ಅಜ್ಜೀನ ಒಂದ್ಸಲ ತೋರಿಸಮ್ಮ," ಎಂದು ದೊಡ್ಡಮ್ಮ ಕಂಪ್ಯೂಟರಿನ ಮುಂದೆ ಕುಳಿತಳು. ಮೊದಲು ಬರೆದಿಟ್ಟ ಅಜ್ಜಿ ಪರದೆಯ ಮೇಲೆ ನಡೆದು ಬಂದಳು.

"ಅಯ್ಯೋ, ಇವಳು ನನಗಿಂತ ಚೆನ್ನಾಗಿ ಕುಂಟ್ತಾಳಲ್ಲೇ!"

ನಾಲ್ಕನೆಯ ಸಲ ನೋಡುವಾಗ ದೊಡ್ಡಮ್ಮ ಪರದೆಗೆ ಬೆರಳಿಟ್ಟಳು. ಎಡಗಾಲು ಊರುವ ಮುಂಚೆ ಪ್ರತಿ ಸಲವೂ ಅಜ್ಜಿಯ ಬಲಗೈ ಮುಷ್ಟಿಯಾಗುತ್ತಿತ್ತು. ತಾನು ಹಾಗೆ ಮಾಡುತ್ತಿದ್ದೆನೆಂದು ಅವಳಿಗೇ ಗೊತ್ತಿರಲಿಲ್ಲ. ಅಷ್ಟು ವರ್ಷದ ನೋವನ್ನು ಅವಳು ಕೈಯಲ್ಲಿ ಅದುಮಿ ಹಿಡಿದಿದ್ದಳು. ಈಗ ಕೈ ಬೀಸಿಕೊಂಡು ಕಾಲಿನಲ್ಲಿ ಮಾತ್ರ ಕುಂಟುತ್ತಿದ್ದಳು. ಎದ್ದು ಮುಷ್ಟಿ ಹಿಡಿದು ಬಾಗಿಲ ಹೊರಗಿನ ಆರು ಮೆಟ್ಟಿಲು ಹತ್ತಿದಳು. ಹುಡುಗಿ ಈ ಸಲ ತಲೆ ಆಡಿಸಲಿಲ್ಲ. ಯಜಮಾನ ಚಪ್ಪಾಳೆ ತಟ್ಟಿದ. ಮುಂದಿನ ಹಾಳೆಗೆ ಅವಳ ಮುಷ್ಟಿಯ ಫೋಟೋ ತೆಗೆದರು. ಮುಖವನ್ನು ಆಗಲೂ ಬಿಟ್ಟರು.

ಸಂಜೆ ದೊಡ್ಡಮ್ಮ ನೇರವಾಗಿ ಮಗಳ ಮನೆಗೆ ಹೋದಳು. ಒಂದೊಂದೇ ಎಣಿಸುತ್ತ ಐವತ್ತನಾಲ್ಕು ಮೆಟ್ಟಿಲು ಹತ್ತಿದಳು. ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಬಾಡಿತು.

"ಏನಮ್ಮ, ಮತ್ತೆ ಕುಂಟ್ತಿದೀಯ? ನೋವು ಹೋಗಿಲ್ವಾ?"

ದೊಡ್ಡಮ್ಮ ಕೆಳಗೆ ನೋಡಿಕೊಂಡಳು. ಬಲಗೈ ಇನ್ನೂ ಮುಷ್ಟಿಯಾಗಿಯೇ ಇತ್ತು.

"ನೋವೂ ಇಲ್ಲ, ಗೀವೂ ಇಲ್ಲ ಕಣೆ. ಆಫೀಸಿನ ಕೆಲಸ ಮನೆಗೆ ತಂದ್ಬಿಟ್ಟಿದೀನಿ," ಎಂದು ಮುಷ್ಟಿ ಬಿಚ್ಚಿ ಎರಡೂ ಕೈ ಚಾಚಿದಳು. "ಇಲ್ಲಿ ಕೊಡು ಅವಳನ್ನ."