ಹತ್ತೂಕಾಲಿಗೆ ಊಟದ ಸೈರನ್

ಗೆಳೆಯರೇ, ಇವತ್ತು ಹೂಟಗಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಬೆಳಿಗ್ಗೆ ಹತ್ತೂಕಾಲಿಗೇ ಊಟದ ಸೈರನ್ ಕೂಗಿತು. ಕೂಗಿಸಿದ್ದು ಮೂರು ವರ್ಷದಿಂದ ಮಲಗಿದ್ದ ಒಂದು ಕಂಪ್ಯೂಟರ್!

ಅದು ವರ್ಚುವಲ್ ಮೆಷಿನ್. ಸರ್ವರಿನೊಳಗೆ ಎತ್ತಿಟ್ಟಿದ್ದ ಬರೀ ಒಂದು ಫೈಲು. ಸೈರನ್ ಕೂಗಿಸುವ ಹೊಸ ಮೆಷಿನ್ ಕೈಕೊಟ್ಟಿದ್ದರಿಂದ ಈ ಹಳೆಯದನ್ನು ಎಬ್ಬಿಸಬೇಕಾಯಿತು.

"ಸಾರ್, ಮೊದ್ಲು ನೆಟ್‌ವರ್ಕ್‌ನಿಂದ ದೂರ ಇಟ್ಟು ಅಪ್‌ಡೇಟ್ ಹಾಕ್ತೀನಿ. ಇದು ಮಲಗಿದ್ದಾಗ ಕಂಪ್ಯೂಟರಿಗೆ ನುಗ್ಗೋ ಕಳ್ಳರು ಎಷ್ಟೋ ಹೊಸ ದಾರಿ ಕಲ್ತಿದ್ದಾರೆ" ಎಂದೆ.

ಮ್ಯಾನೇಜರ್ ರೇಗಿದರು. "ಆಫ್ ಆಗಿದ್ದಕ್ಕೆ ಏನ್ರೀ ಆಗುತ್ತೆ? ಸುಮ್ನೆ ಎಬ್ಬಿಸ್ಬುಡಿ!" ಎಂದು ಹೊರಟೇ ಹೋದರು.

ಎಬ್ಬಿಸಿದೆ. ಅದರ ಪಾಲಿಗೆ ಇನ್ನೂ ಮಲಗಿಸಿದ ದಿನದ ಮಧ್ಯಾಹ್ನ, ಊಟದ ಹೊತ್ತು. ನಾನು ಗಡಿಯಾರ ಸರಿಪಡಿಸುವಷ್ಟರಲ್ಲಿ ಸೈರನ್ ಮೊಳಗಿತು. ಯಂತ್ರಗಳು ಒಂದೊಂದಾಗಿ ನಿಂತು ಇಡೀ ಶೆಡ್ಡು ನಿಶ್ಶಬ್ದವಾಯಿತು. ಯಾರೂ ಗಡಿಯಾರ ನೋಡಲಿಲ್ಲ, ಕೈ ತೊಳೆದು ಹೊರಟರು. ಒಂದು ಫೈಲು ಕಣ್ಣುಬಿಟ್ಟು ಊಟ ಎಂದರೆ ಇಷ್ಟು ಜನ ನಂಬುತ್ತಾರೆ! ಅದರೊಳಗೆ ಕಳ್ಳ ಸೇರಿಕೊಂಡು ಕೂಗಿಸಿದ್ದರೂ ನಂಬುತ್ತಿದ್ದರಲ್ಲವೇ?

ಮ್ಯಾನೇಜರನ್ನು ಹುಡುಕಿಕೊಂಡು ಕ್ಯಾಂಟೀನಿಗೆ ಓಡಿದೆ. ತಟ್ಟೆ ಹಿಡಿದು ಸಾಲಿನಲ್ಲಿ ಮೊದಲು ನಿಂತಿದ್ದವರು ಅವರೇ.

"ಅನ್ನ ಇನ್ನೂ ಬೆಂದಿಲ್ವಂತೆ ಕಣ್ರೀ" ಎಂದರು. "ಈ ಕ್ಯಾಂಟೀನ್‌ನವ್ರಿಗೆ ಟೈಮ್ ಅನ್ನೋದೇ ಗೊತ್ತಿಲ್ಲ."